ಹಳೇ ಬಣ್ಣದ ಟೋಕನ್ನು

ಮೊನ್ನೆ ಹಳೇ ಪ್ಯಾಂಟೊಂದನ್ನು ಒಗೆಯಲು ಹಾಕುವ ಮುಂಚೆ ಜೇಬು ತಡವಿದರೆ ಒಂದು ತಗಡಿನ ಬಿಲ್ಲೆ ಕೈಗೆ ಬಂತು. ಹಳದಿ ಬಣ್ಣ, ಅಂಚಿಗೆ ತುಕ್ಕು, ತಂತಿ ಪೋಣಿಸಲು ಮೇಲೊಂದು ತೂತು, ನಡುವೆ ಕುಂಚದಲ್ಲಿ ಬರೆದ 47. ನನ್ನ ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪದಕ ಬಂದಿದ್ದು ನಂಗೆ ಹೇಳ್ಲೇ ಇಲ್ಲ" ಅಂದಳು. ಹದಿನೆಂಟು ವರ್ಷ ಜೊತೆಗೆ ಸಂಸಾರ ಮಾಡಿದವಳಿಗೆ ನನಗೆ ಪದಕ ಬರುವ ಸಂಭವ ಎಷ್ಟೆಂದು ಚೆನ್ನಾಗಿ ಗೊತ್ತು.

ಅದು ಹೊಸೂರು ಬಸ್ ಸ್ಟ್ಯಾಂಡಿನ ಹತ್ತಿರ ಪಾಪಣ್ಣ ನಡೆಸುವ ಗಾಡಿ ಸ್ಟ್ಯಾಂಡಿನ ಟೋಕನ್ನು. ನಾನು ಕೆಲಮಂಗಲದಿಂದ ಬೈಕಿನಲ್ಲಿ ಬಂದು, ಗಾಡಿಯನ್ನು ಪಾಪಣ್ಣನಿಗೊಪ್ಪಿಸಿ, ಅಲ್ಲಿಂದ ಫ್ಯಾಕ್ಟರಿ ಬಸ್ಸು ಹತ್ತುತ್ತೇನೆ. ಪಾಪಣ್ಣ ಬಾಗಲೂರು ಕಡೆಯವನು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯಬಲ್ಲ, ಆದರೆ ಪುಣ್ಯಾತ್ಮ ಯಾವುದರಲ್ಲೂ ಬೈದದ್ದನ್ನು ನಾನು ಕೇಳಿಲ್ಲ. ಅವನ ಪದ್ಧತಿ ಸರಳ. ಒಂದೇ ನಂಬರಿನ ಎರಡು ಬಿಲ್ಲೆ. ಒಂದನ್ನು ಗಾಡಿಗೆ ತಗುಲಿಸುತ್ತಾನೆ, ಇನ್ನೊಂದನ್ನು ನಿಮ್ಮ ಕೈಗೆ ಕೊಡುತ್ತಾನೆ. ನಿಮ್ಮ ಹೆಸರು ಕೇಳುವುದಿಲ್ಲ, ಗಾಡಿ ಕೆಂಪೋ ಕಪ್ಪೋ ಎಂದು ಬರೆದುಕೊಳ್ಳುವುದಿಲ್ಲ. ಬೆಳಿಗ್ಗೆ ಗೋಡೆ ಪಕ್ಕ ನಿಲ್ಲಿಸಿದ ಗಾಡಿ ಸಂಜೆಗೆ ಹುಣಸೇಮರದ ಕೆಳಗಿರುತ್ತದೆ, ಯಾಕೆಂದರೆ ಜಾಗ ಮಾಡಲು ಅವನು ದಿನವಿಡೀ ಅದನ್ನು ಇಲ್ಲಿಂದ ಅಲ್ಲಿಗೆ ತಳ್ಳುತ್ತಲೇ ಇರುತ್ತಾನೆ. ಬಿಲ್ಲೆ ಕೊಟ್ಟರೆ ಮಾತ್ರ ನಿಮ್ಮ ಗಾಡಿಯೇ ನಿಮ್ಮ ಮುಂದೆ ಬಂದು ನಿಲ್ಲುತ್ತದೆ.

ಪ್ರತಿ ಆಯುಧಪೂಜೆಗೆ ಪಾಪಣ್ಣ ಎಲ್ಲಾ ಬಿಲ್ಲೆಗಳಿಗೂ ಹೊಸ ಬಣ್ಣ ಹೊಡೆಯುತ್ತಾನೆ. ಒಂದು ವರ್ಷ ಹಳದಿ, ಮರುವರ್ಷ ಹಸಿರು, ಆಮೇಲೆ ನೀಲಿ. ಹಬ್ಬದ ಸಡಗರಕ್ಕೆ ಹೊಡೆಯುತ್ತಾನೆ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಹೊಟ್ಟೆಪಾಡಿನ ಕೆಲಸವೂ ಹೆಚ್ಚುಕಡಿಮೆ ಪಾಪಣ್ಣನದೇ. ಒಂದು ಫ್ಯಾಕ್ಟರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಡ್ರಾಯಿಂಗ್ ವಿಭಾಗದ ಹುಡುಗ ಹುಡುಗಿಯರು ಬರೆಯುವ ನಕ್ಷೆಗಳೆಲ್ಲ ಅವರವರ ಮೆಷೀನಿನಲ್ಲಿ ಇರುವುದಿಲ್ಲ, ನನ್ನ ಕೋಣೆಯಲ್ಲಿ ಗುಂಯ್ ಅನ್ನುವ ಒಂದು ಸರ್ವರಿನಲ್ಲಿ ಇರುತ್ತವೆ. ಆ ಸರ್ವರಿನ ಒಳಗೆ ಕೂತು ಎಲ್ಲ ಕೆಲಸ ನಡೆಸುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಅನ್ನುತ್ತಾರೆ. ಮೆಷೀನೊಂದು ಮೊದಲ ಸಲ ಹೆಸರು ಹೇಳಿ ಫೈಲು ಕೇಳಿದಾಗ ಕರ್ನಲ್ಲು ಅದನ್ನು ಹುಡುಕಿ ಒಂದು ಚೀಟಿ ಕೊಡುತ್ತದೆ. ಚೀಟಿಗೆ ಫೈಲ್ ಹ್ಯಾಂಡಲ್ ಎಂದು ಹೆಸರು. ಅದರಲ್ಲಿ ಫೈಲಿನ ಹೆಸರಿರುವುದಿಲ್ಲ. ಯಾವ ಡಿಸ್ಕು, ಆ ಡಿಸ್ಕಿನಲ್ಲಿ ಎಷ್ಟನೇ ನಂಬರು, ಆ ನಂಬರು ಎಷ್ಟನೇ ಸಲ ಬಳಕೆಯಲ್ಲಿದೆ, ಇಷ್ಟೇ. ಆಮೇಲೆ ಮೆಷೀನು ಪ್ರತಿಸಲವೂ ಚೀಟಿ ತೋರಿಸುತ್ತದೆ, ಕರ್ನಲ್ಲು ನೇರ ಹೋಗಿ ಫೈಲು ಹಿಡಿಯುತ್ತದೆ. ನಡುವೆ ಯಾರಾದರೂ ಫೈಲಿನ ಹೆಸರು ಬದಲಿಸಲಿ, ಇನ್ನೊಂದು ಫೋಲ್ಡರಿಗೆ ತಳ್ಳಲಿ, ಚೀಟಿ ಕೆಲಸ ಮಾಡುತ್ತದೆ. ಆದರೆ ಫೈಲನ್ನು ಅಳಿಸಿ ಅದೇ ನಂಬರನ್ನು ಬೇರೆ ಫೈಲಿಗೆ ಕೊಟ್ಟಿದ್ದರೆ, ಅಥವಾ ಡಿಸ್ಕೇ ಬೇರೆಯಾಗಿದ್ದರೆ, ಕರ್ನಲ್ಲು ಚೀಟಿಯನ್ನು ವಾಪಸ್ಸು ಎಸೆಯುತ್ತದೆ. ಆಗ ಪರದೆಯ ಮೇಲೆ ಬರುವ ಇಂಗ್ಲಿಷ್ ಮಾತಿಗೆ ನಮ್ಮ ಅಡುಗೆಮನೆಯ ಕನ್ನಡದಲ್ಲಿ ಹೇಳುವುದಾದರೆ, ಚೀಟಿ ಹಳಸಿದೆ ಎಂದರ್ಥ.

ಇನ್ನೊಂದು ಸೊಗಸಿದೆ. ಕೆಲವು ಸಲ ಕರ್ನಲ್ಲಿಗೆ ನಂಬರಿನಿಂದ ಫೋಲ್ಡರು ಸಿಗುತ್ತದೆ, ಆದರೆ ಅದು ಯಾವ ಮನೆಗೆ ಸೇರಿದ್ದೆಂದು ಗೊತ್ತಿರುವುದಿಲ್ಲ. ಆಗ ಅದು ನಿನ್ನ ಮೇಲಿನವರು ಯಾರು, ಅವರ ಮೇಲಿನವರು ಯಾರು ಎಂದು ಒಂದೊಂದೇ ಮೆಟ್ಟಿಲು ಹತ್ತಿ, ಪರಿಚಯದ ಜಾಗ ಸಿಗುವ ತನಕ ಕೇಳುತ್ತಾ ಹೋಗುತ್ತದೆ. ಇದನ್ನು ನಾನು ಮೊದಲ ಸಲ ಓದಿದಾಗ ಒಬ್ಬನೇ ಕೂತು ನಕ್ಕಿದ್ದೆ, ಯಾಕೆಂದರೆ ನನ್ನ ಅಜ್ಜಿ ಇದನ್ನೇ ಜಗಲಿಯ ಮೇಲೆ ಕೂತು ಜೀವನವಿಡೀ ಮಾಡಿದಳು. ಡೆಂಕಣಿಕೋಟೆ ಕಡೆಯಿಂದ ಯಾರಾದರೂ ಲಗ್ನಪತ್ರಿಕೆ ಹಿಡಿದು ಬಂದರೆ ಸಾಕು. "ಯಾರ ಮಗನಪ್ಪ ನೀನು? ನಿಮ್ಮಪ್ಪನಿಗೆ ಯಾರು ಅಪ್ಪ? ಅವರಮ್ಮ ಯಾವೂರೋಳು?" ಎಂದು ಮೇಲೇರುತ್ತಾ ಏರುತ್ತಾ, "ಓ, ಬೇವಿನಮರದ ಬಾವಿ ಮನೆಯೋರಾ, ಅಂಗನ್ನು ಮತ್ತೆ" ಎಂದು ಒಂದು ಕಡೆ ನಿಲ್ಲುತ್ತಿದ್ದಳು. ಅಲ್ಲಿಗೆ ಮುಟ್ಟುವ ತನಕ ಬಂದವನಿಗೆ ಕಾಫಿ ಇಲ್ಲ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡುವುದು ರೂಢಿಯಾದ್ದರಿಂದ ಅವಳು ಇನ್ನೂ ಒಂದು ಪ್ರಶ್ನೆ ಕೇಳುತ್ತಿದ್ದಳು. "ಮುನಿಯಪ್ಪ ಅಂದ್ಯಲ್ಲ, ಯಾವ ಮುನಿಯಪ್ಪ? ಸತ್ತೋದ ಮುನಿಯಪ್ಪನಾ, ಇರೋ ಮುನಿಯಪ್ಪನಾ?" ಎದುರಿಗೆ ನಿಂತವನೇ ಮುನಿಯಪ್ಪ. ಅವನು ಪಾಪ, "ಇರೋ ಮುನಿಯಪ್ಪ ಕಣಜ್ಜಿ" ಎಂದು ಸಾಕ್ಷಿ ಹೇಳಿಕೊಳ್ಳಬೇಕಾಗುತ್ತಿತ್ತು. ಬರೀ ಹೆಸರನ್ನು ನಂಬಿ ಅಜ್ಜಿ ಯಾರನ್ನೂ ಒಳಗೆ ಬಿಟ್ಟುಕೊಂಡವಳಲ್ಲ.

ಅಂಥ ಅಜ್ಜಿಯ ಮೊಮ್ಮಗ ನಾನು. ಬರೀ ಹೆಸರು ನಂಬಿ ಕೆಟ್ಟೆ. ಕೆಟ್ಟದ್ದು ನಾನಾಗಿದ್ದರೆ ಚಿಂತೆಯಿರಲಿಲ್ಲ, ಅದರ ಪೆಟ್ಟು ಬಿದ್ದದ್ದು ಮಂಜುಳಾ ಎಂಬ ಹುಡುಗಿಗೆ.

ಮಂಜುಳಾ ಡೆಂಕಣಿಕೋಟೆಯ ಹತ್ತಿರದ ಹಳ್ಳಿಯವಳು. ಡಿಪ್ಲೊಮಾ ಮುಗಿಸಿ ನಮ್ಮ ಡ್ರಾಯಿಂಗ್ ವಿಭಾಗಕ್ಕೆ ಟ್ರೈನಿಯಾಗಿ ಸೇರಿದ್ದಳು. ಆ ತಿಂಗಳು ಅವಳ ಕೆಲಸ ಖಾಯಂ ಆಗುವುದಿತ್ತು. ಮಿತಭಾಷಿ, ಕೆಲಸ ಮಾತ್ರ ಕಲ್ಲಿನ ಮೇಲೆ ಗೆರೆ ಎಳೆದ ಹಾಗೆ. ನನ್ನನ್ನು ಅಣ್ಣ ಎನ್ನುತ್ತಿದ್ದಳು.

ಅದೊಂದು ಬುಧವಾರ. ಸರ್ವರಿನ ಹಳೇ ಡಿಸ್ಕು ಮುದಿಯಾಗಿ ನರಳುತ್ತಿತ್ತು. ಹೊಸ ಡಿಸ್ಕು ತರಿಸಿ, ಬೆಳಿಗ್ಗೆಯಿಂದ ಒಂದೂ ಬಿಡದೆ ಎಲ್ಲ ಫೈಲುಗಳನ್ನೂ ಅದಕ್ಕೆ ಕಾಪಿ ಮಾಡಿದೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕಾಪಿ ಮುಗಿಯಿತು. ಇನ್ನು ಹಳೆಯದನ್ನು ತೆಗೆದು ಹೊಸದನ್ನು ಅದೇ ಹೆಸರಿನಲ್ಲಿ ಕೂರಿಸುವುದಷ್ಟೇ. ಕೈ ಮುಂದೆ ಹೋಯಿತು. ಅಷ್ಟರಲ್ಲಿ ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ.

ನೀವು ನಗಬಹುದು. ಆದರೆ ಹೊಸ ಲಾರಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಡದೆ ಗೇಟು ದಾಟಿಸದ ಊರು ನಮ್ಮದು. ಹೊಸ ಲೇತ್ ಮೆಷೀನಿಗೆ ಕುಂಕುಮ ಇಡದೆ ಸ್ವಿಚ್ಚು ಒತ್ತುವುದಿಲ್ಲ. ಡಿಸ್ಕು ಏನು ಪಾಪ ಮಾಡಿತ್ತು? ಅದಕ್ಕೂ ಒಂದು ಬೊಟ್ಟು ಇಟ್ಟು, ರಾಹುಕಾಲ ಕಳೆಯಲಿ ಎಂದು ಕಾದೆ. ಕ್ಯಾಂಟೀನಿನಲ್ಲಿ ನೆಮ್ಮದಿಯಾಗಿ ಮುದ್ದೆ ಸಾರು ಉಂಡೆ. ಒಂದೂವರೆ ದಾಟಿ ಎರಡು ನಿಮಿಷಕ್ಕೆ ಹೊಸ ಡಿಸ್ಕನ್ನು ಕೂರಿಸಿದೆ. ಕಾಪಿ ಮುಗಿದ ಹೊತ್ತಿಗೂ ಕೂರಿಸಿದ ಹೊತ್ತಿಗೂ ನಡುವಿನ ಒಂದೂವರೆ ಗಂಟೆಯಲ್ಲಿ ಜನ ಹಳೇ ಡಿಸ್ಕಿನ ಮೇಲೆ ಕೆಲಸ ಮಾಡುತ್ತಲೇ ಇದ್ದರಲ್ಲ ಎಂಬುದು ನನ್ನ ಈ ದಪ್ಪ ತಲೆಗೆ ಹೊಳೆಯಲೇ ಇಲ್ಲ.

ಕೂರಿಸಿದ ಐದು ನಿಮಿಷಕ್ಕೆ ಫೋನುಗಳು ಬಡಿದುಕೊಳ್ಳತೊಡಗಿದವು. ಎಲ್ಲರ ಪರದೆಯ ಮೇಲೂ ಅದೇ ಮಾತು, ಚೀಟಿ ಹಳಸಿದೆ. ನಾನು ದೊಡ್ಡ ಡಾಕ್ಟರಂತೆ ಎಲ್ಲರಿಗೂ ಒಂದೇ ಔಷಧಿ ಹೇಳಿದೆ. "ಏನೂ ಇಲ್ಲ, ಮೆಷೀನ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಫೈಲು ಅದೇ ಹೆಸ್ರಲ್ಲಿ ಅಲ್ಲೇ ಐತೆ." ಮಂಜುಳಾಗೂ ಹಾಗೆಯೇ ಹೇಳಿದೆ. "ಸರಿ ಅಣ್ಣ" ಎಂದು ಫೋನು ಇಟ್ಟಳು.

ಅವಳ ಕಥೆ ಹೀಗಿತ್ತು. ಆ ದಿನ ಅವಳ ಮುಂದಿದ್ದದ್ದು ಒಂದು ಪಂಪಿನ ಮುಚ್ಚಳದ ಡ್ರಾಯಿಂಗು. ಹನ್ನೆರಡು ಗಂಟೆಗೆ ಕಸ್ಟಮರ್ ಫೋನು ಮಾಡಿ, ಪಕ್ಕದ ತೂತು ನಾಲ್ಕು ಮಿಲಿಮೀಟರ್ ಎಡಕ್ಕೆ ಸರಿಯಬೇಕು ಎಂದಿದ್ದರು. ಅವಳು ಊಟಕ್ಕೂ ಏಳದೆ ಅದನ್ನು ತಿದ್ದಿ, ಎರಡು ಸಲ ಅಳೆದು ನೋಡಿ, ಸೇವ್ ಮಾಡಿದಳು. ಆಮೇಲೆ ನನ್ನ ಔಷಧಿಯ ಪ್ರಕಾರ ಮೆಷೀನನ್ನು ಆಫ್ ಮಾಡಿ ಆನ್ ಮಾಡಿ, ಅದೇ ಹೆಸರಿನ ಫೈಲನ್ನು ಮುಚ್ಚಳ ತಯಾರಿಸುವ ಶಾಪಿಗೆ ಕಳಿಸಿದಳು. ಆಗಲೇ ಎರಡು ಸಲ ನೋಡಿದ್ದನ್ನು ಮೂರನೇ ಸಲ ನೋಡಲಿಲ್ಲ. ಹೋದದ್ದು ತಿದ್ದುವ ಮೊದಲಿನ ಡ್ರಾಯಿಂಗು.

ಮರುವಾರದ ಮಂಗಳವಾರ ಆರು ಮುಚ್ಚಳಗಳು ಕಸ್ಟಮರಿನಿಂದ ತಿರುಗಿ ಬಂದವು. ತೂತು ನಾಲ್ಕು ಮಿಲಿಮೀಟರ್ ಬಲಕ್ಕಿತ್ತು. ನಮ್ಮ ಮ್ಯಾನೇಜರ್ ಸೆಲ್ವಂ ಸಾರ್ ಒಳ್ಳೆಯವರು. ಸಾಮಾನ್ಯವಾಗಿ ನಮ್ಮ ಜೊತೆ ಕನ್ನಡ ಮಾತಾಡುತ್ತಾರೆ, ಸಿಟ್ಟು ಬಂದರೆ ತಮಿಳು, ತೀರಾ ಬಂದರೆ ಇಂಗ್ಲಿಷು. ಅವತ್ತು ಇಂಗ್ಲಿಷಿನಲ್ಲಿದ್ದರು. ಮಂಜುಳಾ, "ನಾನು ತಿದ್ದಿದ್ದೆ ಸಾರ್, ಊಟ ಬಿಟ್ಟು ಕೂತು ತಿದ್ದಿದ್ದೆ" ಎಂದಳು. ಅವರು ನ್ಯಾಯವಾಗಿಯೇ ನನ್ನನ್ನು ಕರೆಸಿ, ಈ ಫೈಲನ್ನು ಕೊನೆಗೆ ಯಾವಾಗ ಸೇವ್ ಮಾಡಿದ್ದಾರೆ ನೋಡು ಎಂದರು. ನಾನು ನೋಡಿದೆ. ಹೇಳಿದೆ. "ಬುಧವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತು ಸಾರ್."

ಕಸ್ಟಮರಿನ ಫೋನು ಬಂದದ್ದು ಹನ್ನೆರಡಕ್ಕೆ. ಅಲ್ಲಿಗೆ ಮುಗಿಯಿತು. ಅವಳ ವಿರುದ್ಧದ ಸಾಕ್ಷಿ ನಾನೇ.

ಶನಿವಾರದೊಳಗೆ ತಪ್ಪೊಪ್ಪಿಗೆ ಬರೆದುಕೊಡಬೇಕು, ಖಾಯಂ ಮಾಡುವ ಮಾತು ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು. ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಡ್ರಾಯಿಂಗ್ ವಿಭಾಗದವರೆಲ್ಲ ಅವಳಿಗೆ ಬುದ್ಧಿ ಹೇಳಿದರು. ನಾನೂ ಹೇಳಿದೆ, ಎಲ್ಲರಿಗಿಂತ ಮೆತ್ತಗೆ.

"ಬರ್ಕೊಟ್ಬುಡಮ್ಮ. ಒಂದು ಕಾಗದ ತಾನೆ."

"ಮಾಡ್ದಿರೋ ತಪ್ಪ ಹೆಂಗಣ್ಣ ಬರ್ಕೊಡ್ಲಿ?" ಎಂದಳು. "ನಮ್ ಹೊಲಕ್ಕೆ ಆನೆ ಬಂದು ರಾಗಿ ತಿಂದೋದ್ರೆ ಹೆಜ್ಜೆನಾದ್ರೂ ಇರ್ತದೆ, ತೋರ್ಸ್ಬೌದು. ಇದ್ರಲ್ಲಿ ಹೆಜ್ಜೆನೂ ಇಲ್ವಲ್ಲ."

ಅದು ಮುಚ್ಚಳ ತಿರುಗಿ ಬಂದ ಮರುದಿನದ, ಬುಧವಾರದ ಮಾತು. ಶುಕ್ರವಾರ ಮಧ್ಯಾಹ್ನ ಅವಳು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಮುಖ ಬಾಡಿತ್ತು.

"ಅಣ್ಣ, ಒಂದು ಮಾತು. ತಿದ್ದಿದೀನಿ ಅಂತ ನಾನು ಬರೀ ಅಂದ್ಕೊಂಡಿರಬೌದಾ? ತಿದ್ದೇ ಇಲ್ದೆ?"

"ಒಂದೊಂದ್ಸಲ ಅಂಗಾಗ್ತದಮ್ಮ. ಸುಸ್ತಿಗೆ" ಎಂದೆ.

ಅವಳು ತಲೆಯಾಡಿಸಿ ಹೋದಳು. ಅವಳು ಕೇಳಿದ ರೀತಿ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ಬೈಸಿಕೊಂಡದ್ದಕ್ಕಲ್ಲ ಆ ಹುಡುಗಿ ಬಾಡಿದ್ದು. ತನ್ನ ಕಣ್ಣು, ತನ್ನ ಕೈಯನ್ನೇ ನಂಬದ ಹಾಗೆ ಆಗಿದ್ದಳು. ಡ್ರಾಯಿಂಗ್ ಬರೆಯುವವಳಿಗೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ?

ಅವತ್ತು ಸಂಜೆ ಪಾಪಣ್ಣನ ಸ್ಟ್ಯಾಂಡಿಗೆ ಬಂದು ಜೇಬಿಗೆ ಕೈಹಾಕಿ ಬಿಲ್ಲೆ ಕೊಟ್ಟೆ. ಪಾಪಣ್ಣ ಅದನ್ನು ನೋಡಿ ನನ್ನನ್ನು ನೋಡಿದ.

"ಇದಲ್ಲ ಸಾರ್."

"ಯಾಕೆ, ನಲವತ್ತೇಳು ಅಂತ ಐತಲ್ಲ."

"ನಲವತ್ತೇಳು ಐತೆ. ಆ ನಂಬರಿನ ಗಾಡೀನೂ ಅಲ್ಲಿ ಐತೆ. ಆದ್ರೆ ಅದು ನಿಮ್ದಲ್ಲ. ಇದು ಹಳದಿ, ಹೋದ ವರ್ಷದ್ದು. ಈ ವರ್ಷ ಹಸ್ರು."

ಹಿಂದಿನ ವರ್ಷ ಕಳೆದುಕೊಂಡಿದ್ದ ಟೋಕನ್ನು ಆ ಪ್ಯಾಂಟಿನ ಜೇಬಿನ ಮೂಲೆಯಲ್ಲೇ ಅಡಗಿತ್ತು. ಇನ್ನೊಂದು ಜೇಬಿನಲ್ಲಿ ಹಸಿರು ಬಣ್ಣದ ನೂರಹನ್ನೆರಡು ಸಿಕ್ಕಿತು. ನಾಚಿಕೆಯಾಗಿ, "ನಂಬರ್ ಸರಿಯಿತ್ತಲ್ಲಪ್ಪ, ನೀನು ಗಾಡಿ ಕೊಟ್ಟಿದ್ರೆ ಏನಾಗ್ತಿತ್ತು?" ಎಂದು ತಮಾಷೆ ಮಾಡಿದೆ.

"ನಿಮ್ಗೇನಾಗಲ್ಲ ಸಾರ್. ಇನ್ಯಾರದೋ ಗಾಡಿ ಹೋಗ್ಬುಡ್ತಿತ್ತು, ಅವ್ನು ಬಂದು ನನ್ ಗಾಡಿ ಇಲ್ಲೇ ಬಿಟ್ಟಿದ್ದೆ ಅಂತ ಬಾಯ್ ಬಾಯ್ ಬಡ್ಕೊಂಡ್ರೂ ಯಾರೂ ನಂಬ್ತಿರ್ಲಿಲ್ಲ" ಎಂದ ಪಾಪಣ್ಣ. ಹಳದಿ ಬಿಲ್ಲೆಯನ್ನು ನನ್ನ ಕೈಗೇ ವಾಪಸ್ಸು ಕೊಟ್ಟು, "ಮನೇಲಿಟ್ಕೊಳಿ" ಎಂದು ನಕ್ಕ.

ನಾನು ನಗಲಿಲ್ಲ, ಬಿಲ್ಲೆಯನ್ನು ಅದೇ ಜೇಬಿಗೆ ಹಾಕಿಕೊಂಡೆ. ಕೆಲಮಂಗಲದ ದಾರಿಯಲ್ಲಿ ಗಾಡಿ ಓಡಿಸುತ್ತಾ ಪಾಪಣ್ಣನ ಮಾತು ಕಿವಿಯಲ್ಲಿ ಸುತ್ತುತ್ತಿತ್ತು. ಅರ್ಧ ದಾರಿಗೆ ಬಂದಾಗ ಬೈಕನ್ನು ಪಕ್ಕಕ್ಕೆ ಹಾಕಿ ನಿಂತುಬಿಟ್ಟೆ. ನನ್ನ ಸರ್ವರೂ ಇದನ್ನೇ ಹೇಳಿತ್ತಲ್ಲ. ಡಿಸ್ಕು ಬದಲಿಸಿದ ಆ ಬುಧವಾರ ಒಂದೂವರೆಗೆ ಕರ್ನಲ್ಲು ಪ್ರತಿ ಮೆಷೀನಿಗೂ, ನೀನು ಹಿಡಿದಿದ್ದ ಫೈಲು ಇದಲ್ಲ, ಇದು ಬೇರೆ ಡಿಸ್ಕು ಎಂದು ಸ್ಪಷ್ಟವಾಗಿ ಹೇಳಿತ್ತು. ಏನೂ ಇಲ್ಲ, ಆಫ್ ಮಾಡಿ ಆನ್ ಮಾಡಿ ಎಂದು ಅದರ ಬಾಯಿ ಮುಚ್ಚಿಸಿದವನು ನಾನು. ಹನ್ನೊಂದೂ ಇಪ್ಪತ್ತು ಎಂದು ನಾನು ಸಾಕ್ಷಿ ಹೇಳಿದ್ದು ಹೊಸ ಡಿಸ್ಕು ನೋಡಿಕೊಂಡು. ಹಳೇ ಡಿಸ್ಕಿನಲ್ಲಿ ಏನಿದೆ ಎಂದು ನೋಡಿಯೇ ಇರಲಿಲ್ಲ.

ಏನನ್ನೂ ಎಸೆಯದ ಬುದ್ಧಿ ಅಜ್ಜಿಯಿಂದ ಬಂದದ್ದು. ಹಳೇ ಡಿಸ್ಕನ್ನು ಒಂದು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟಿದ್ದೆ. ಶನಿವಾರ ಎಲ್ಲರಿಗಿಂತ ಮುಂಚೆ ಹೋಗಿ ಅದನ್ನು ತೆಗೆದು ಜೋಡಿಸಿದೆ. ಅದೇ ಫೋಲ್ಡರು, ಅದೇ ಹೆಸರು. ಸೇವ್ ಆದ ಸಮಯ ಮಾತ್ರ ಬುಧವಾರ ಹನ್ನೆರಡೂ ನಲವತ್ತೊಂದು.

ಮಂಜುಳಾ ಬಂದ ಕೂಡಲೇ ಕರೆದೆ. ಅವಳ ಕೈಯಲ್ಲಿ ಮಡಿಸಿದ ಕಾಗದವಿತ್ತು, ಬರೆದುಕೊಂಡೇ ಬಂದಿದ್ದಳು. ನಾನು ಹಳೇ ಡಿಸ್ಕಿನ ಡ್ರಾಯಿಂಗು ತೆರೆದು ಕುರ್ಚಿ ಅವಳ ಕಡೆ ತಳ್ಳಿದೆ. ಅವಳು ಡ್ರಾಯಿಂಗನ್ನು ದೊಡ್ಡದು ಮಾಡಿ, ಪಕ್ಕದ ತೂತಿನ ಅಳತೆ ತೆಗೆದು ನೋಡಿದಳು. ಇನ್ನೊಂದು ಸಲ ತೆಗೆದಳು. ಆಮೇಲೆ ಸಮಯ ನೋಡಿದಳು.

"ಅಂಗಾದ್ರೆ ನನ್ ತಲೆ ಸರ್ಯಾಗೇ ಐತೆ ಅಲ್ವಾ ಅಣ್ಣ?" ಎಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಸರ್ಯಾಗೈತಮ್ಮ. ಇಲ್ದಿದ್ದು ನನ್ ತಲೆ" ಎಂದು ಎಲ್ಲವನ್ನೂ ಹೇಳಿದೆ. ರಾಹುಕಾಲವನ್ನೂ ಬಿಡಲಿಲ್ಲ.

ಪರವಾಗಿಲ್ಲ ಅಣ್ಣ ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. "ನಾಕು ರಾತ್ರಿ ನಿದ್ದೆ ಮಾಡಿಲ್ಲ ನಾನು" ಎಂದಳು. "ನೀವೂ ಸುಸ್ತಿಗೆ ಅಂಗಾಗ್ತದೆ ಅಂದ್ರಿ." ನಾನು ತಲೆ ತಗ್ಗಿಸಿದೆ.

ಇಬ್ಬರೂ ಸೆಲ್ವಂ ಸಾರ್ ಹತ್ತಿರ ಹೋದೆವು. ಅವರು ಎರಡು ಡ್ರಾಯಿಂಗುಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. "ಕಾಪಿ ಮುಗಿದ ಮೇಲೆ ಒಂದೂವರೆ ಗಂಟೆ ಯಾಕೆ ಸುಮ್ನೆ ಇದ್ದೆ?" ಎಂದು ಕೇಳಿದರು. "ರಾಹುಕಾಲ ಸಾರ್" ಎಂದೆ. ಅವರು ಗೋಡೆಯ ಕ್ಯಾಲೆಂಡರಿಗೆ ಎದ್ದು ಹೋಗಿ, ಬುಧವಾರದ ಮೇಲೆ ಬೆರಳಿಟ್ಟು ನೋಡಿ ಬಂದು ಕೂತರು. "ರಾಹುಕಾಲ ಸರಿ. ಕಾಪಿನ ಆಮೇಲೆ ಮಾಡ್ಬೇಕಾಗಿತ್ತು" ಎಂದರು. ಕನ್ನಡದಲ್ಲಿ ಹೇಳಿದ್ದರಿಂದ ಸ್ವಲ್ಪ ಉಸಿರು ಬಂತು. ಮಂಜುಳಾ ಕಡೆ ತಿರುಗಿ, ನಿನ್ನ ಆರ್ಡರ್ ಸೋಮವಾರ ಸೈನ್ ಮಾಡುತ್ತೇನೆ, ಆ ದಿನ ನಾನು ಮಾತಾಡಿದ್ದು ತಪ್ಪು ಎಂದರು. ಆಮೇಲೆ ನನ್ನನ್ನು ನೋಡಿ, "ಲೆಟರ್ ಮಾತ್ರ ನಂಗೆ ಬೇಕು" ಎಂದರು.

ಹೊರಗೆ ಬಂದು ಡ್ರಾಯಿಂಗ್ ವಿಭಾಗದ ಮೇಜಿನ ಮುಂದೆ ಬಿಳಿ ಹಾಳೆ ಹಿಡಿದು ಕೂತೆ. ನನ್ನ ಇಂಗ್ಲಿಷು ಮೊದಲೇ ಅಷ್ಟಕ್ಕಷ್ಟೆ, ಅವತ್ತು ಪೂರ್ತಿ ಕೈಕೊಟ್ಟಿತು. ಮಂಜುಳಾ ತನ್ನ ಮಡಿಸಿದ ಕಾಗದವನ್ನು ಬಿಡಿಸಿ ನನ್ನ ಮುಂದಿಟ್ಟಳು.

"ಇದ್ನೇ ನೋಡ್ಕೊಂಡು ಬರೀರಿ ಅಣ್ಣ. ಎರಡು ಗಂಟೆ ಕೂತು ಬರ್ದಿದೀನಿ."

ಅವಳ ಅಕ್ಷರ ಅಚ್ಚು ಹಾಕಿದಂತಿತ್ತು. ಆರು ಮುಚ್ಚಳ ಹಾಳಾದದ್ದಕ್ಕೆ ನಾನೇ ಕಾರಣ, ಬೇರೆ ಯಾರದೂ ಇದರಲ್ಲಿ ಪಾಲಿಲ್ಲ, ನನ್ನ ಅಜಾಗರೂಕತೆಯಿಂದ ಆಗಿದೆ, ಕ್ಷಮಿಸಬೇಕು. ಒಂದೊಂದೇ ಸಾಲನ್ನು ನನ್ನ ಕೈಯಲ್ಲಿ ಇಳಿಸಿಕೊಂಡೆ. ಅವಳು ಬರೆದಾಗ ಅಷ್ಟೂ ಸುಳ್ಳಾಗಿದ್ದ ಕಾಗದ, ಒಂದಕ್ಷರ ಬದಲಾಯಿಸದೆಯೇ ನಿಜವಾಯಿತು. ಬೇರೆ ಯಾರದೂ ಪಾಲಿಲ್ಲ ಎಂಬ ಸಾಲಿಗೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಅವಳು ಪಕ್ಕದಲ್ಲೇ ನಿಂತಿದ್ದಳು, ಕೈಕಟ್ಟಿಕೊಂಡು, ಡ್ರಾಯಿಂಗ್ ಪರೀಕ್ಷಿಸುವವರು ನಿಲ್ಲುವ ಹಾಗೆ.

ಕೊನೆಗೆ ನನ್ನ ಹೆಸರು ಬರೆದು ಸೈನ್ ಹಾಕಿ ಎದ್ದೆ. ಅವಳು ಹಾಳೆಯನ್ನು ತೆಗೆದುಕೊಂಡು ಮೇಲಿಂದ ಕೆಳಗೆ ಓದಿ, ಮತ್ತೆ ನನ್ನ ಮುಂದೆ ಇಟ್ಟಳು.

"ತಾರೀಕು ಹಾಕಿಲ್ಲ ಅಣ್ಣ" ಎಂದಳು.

ಹಾಕಿದೆ.

"ಟೈಮೂ ಹಾಕಿ."